ತವರಿನಾಚೆಯ ಪಂದ್ಯ ಮತ್ತು ಬೆಂಬಲಿಗರ ಪಯಣ: ವಿಜಯಪುರಕ್ಕೆ ತವರೇ ದೂರ

ತನ್ನ ಮೆಚ್ಚಿನ ತಂಡ ಎದುರಾಳಿಯ ಅಂಗಳದಲ್ಲಿ ಆಡುವಾಗ ಅದರ ಬೆನ್ನಿಗೆ ನಿಲ್ಲಲೆಂದು ಊರು ಬಿಟ್ಟು ಹೊರಡುವ ಫುಟ್‌ಬಾಲ್ ಪ್ರೇಮಿಗಳ ಪರಂಪರೆ ಒಂದು ಶತಮಾನಕ್ಕೂ ಹಳೆಯದು. ರಾಜ್ಯದಲ್ಲಿ ಇದು ಸಂಘಟಿತ ರೂಪ ಪಡೆದದ್ದು ಮಾತ್ರ 2013ರಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ ಹುಟ್ಟಿದ ಬಳಿಕ. ಆದರೆ ರಾಜಧಾನಿಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳ ಅಭಿಮಾನಿಗೆ 'ತವರು' ಮತ್ತು 'ಪರಸ್ಥಳ' ಎಂಬ ಪದಗಳ ಅರ್ಥವೇ ಅದಲುಬದಲಾಗುತ್ತದೆ. ಈ ಪಯಣದ ಇತಿಹಾಸ, ಅದರ ಕ್ರಮ, ಅದರಲ್ಲಿರುವ ಅಪಾಯ ಹಾಗೂ ಉತ್ತರ ಕರ್ನಾಟಕದ ಪಾಲಿಗೆ ಅದರ ಅರ್ಥವನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ತವರಿನಾಚೆಯ ಪಂದ್ಯ?

ಲೀಗ್ ಮಾದರಿಯ ಟೂರ್ನಿಯಲ್ಲಿ ವಾಡಿಕೆಯಂತೆ ಪ್ರತಿ ತಂಡವೂ ಉಳಿದ ಪ್ರತಿ ತಂಡದೊಡನೆ ಎರಡು ಬಾರಿ ಸೆಣಸುತ್ತದೆ. ಒಂದು ಪಂದ್ಯ ಸ್ವಂತ ಅಂಗಳದಲ್ಲಿ, ಮತ್ತೊಂದು ಎದುರಾಳಿಯ ಅಂಗಳದಲ್ಲಿ. ಸ್ವಂತ ಅಂಗಳದಲ್ಲಿ ಆಡುವ ತಂಡಕ್ಕೆ ಪರಿಚಿತ ಮೈದಾನ, ಹವೆ, ಪ್ರಯಾಣದ ದಣಿವಿಲ್ಲದ ಮೈ ಇವೆಲ್ಲ ಅನುಕೂಲಗಳಿರುತ್ತವೆ. ಅವುಗಳ ಜೊತೆಗೆ ಸಾವಿರಾರು ಕಂಠಗಳ ಬೆಂಬಲವೂ ಸೇರುತ್ತದೆ.

ಈ ಬೆಂಬಲ ಬರೀ ಭಾವನೆಯ ಮಾತಲ್ಲ. ಕೋವಿಡ್ ಕಾರಣದಿಂದ 2020ರ ಮೇ ತಿಂಗಳಲ್ಲಿ ಜರ್ಮನಿಯ ಬುಂಡೆಸ್‌ಲಿಗಾ ಪ್ರೇಕ್ಷಕರಿಲ್ಲದೆ ಪುನರಾರಂಭವಾದಾಗ ತವರು ತಂಡಗಳ ಗೆಲುವಿನ ಪ್ರಮಾಣ ಕುಸಿಯಿತು. ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಪರಸ್ಥಳದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ ಕೊಡುವ ನಿಯಮ 1965ರಿಂದ 2021ರವರೆಗೆ ಜಾರಿಯಲ್ಲಿತ್ತು. ಎದುರಾಳಿಯ ಅಂಗಳದಲ್ಲಿ ಆಡುವುದು ಎಷ್ಟು ಕಠಿಣವೆಂಬುದನ್ನು ಆಟದ ನಿಯಮವೇ ಒಪ್ಪಿಕೊಂಡಿತ್ತು ಎಂದರ್ಥ.

ಈ ಅಸಮತೋಲನವನ್ನು ಕೊಂಚವಾದರೂ ಸರಿದೂಗಿಸುವವರೇ ಪಯಣಿಸುವ ಬೆಂಬಲಿಗರು. ಇಪ್ಪತ್ತು ಸಾವಿರ ಜನರ ನಡುವೆ ಇನ್ನೂರು ಮಂದಿಯ ಕೂಗು ಕ್ಷೀಣವಾಗಿರಬಹುದು. ಆದರೆ ತವರಿನ ಜನ ಮೌನವಾಗುವ ಕ್ಷಣವೊಂದು ಪ್ರತಿ ಪಂದ್ಯದಲ್ಲೂ ಬರುತ್ತದೆ. ಆಗ ಆ ಇನ್ನೂರು ಕಂಠಗಳು ಮಾತ್ರ ಆಟಗಾರನ ಕಿವಿಗೆ ಬೀಳುತ್ತವೆ.

ರೈಲಿನೊಡನೆ ಬೆಳೆದ ಪದ್ಧತಿ

ಈ ಪದ್ಧತಿ ಬೆಳೆದದ್ದು ರೈಲಿನೊಂದಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳ ಕಾರ್ಮಿಕರು ತಮ್ಮ ತಂಡದ ಫೈನಲ್ ನೋಡಲು ರೈಲು ಹತ್ತಿ ಲಂಡನ್ನಿಗೆ ಬರತೊಡಗಿದರು. 1883ರಲ್ಲಿ ಎಫ್‌ಎ ಕಪ್ ಗೆದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅಂತಹ ಗಿರಣಿ ಊರಿನ ತಂಡವಾಗಿತ್ತು. ಶನಿವಾರದ ಅರ್ಧ ದಿನದ ಬಿಡುವು ಮತ್ತು ಅಗ್ಗದ ರೈಲು ಟಿಕೆಟ್, ಇವೆರಡೂ ಕೂಡಿ ದುಡಿಯುವ ವರ್ಗಕ್ಕೆ ಈ ಸುಖವನ್ನು ಒದಗಿಸಿದವು.

ಭಾರತದಲ್ಲಿ 1911ರ ಜುಲೈ 29ರಂದು ಕೋಲ್ಕತ್ತದಲ್ಲಿ ನಡೆದ ಐಎಫ್‌ಎ ಶೀಲ್ಡ್ ಫೈನಲ್ ಇಂತಹ ಮೊದಲ ದೊಡ್ಡ ಪ್ರಸಂಗ. ಬರಿಗಾಲಲ್ಲಿ ಆಡಿದ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ತಂಡವನ್ನು 2-1ರಿಂದ ಮಣಿಸಿದ ಆ ಪಂದ್ಯಕ್ಕೆ ಬಂಗಾಳದ ದೂರದ ಊರುಗಳಿಂದಲೂ ಜನಸಾಗರ ಹರಿದು ಬಂದಿತ್ತು.

ಕನ್ನಡ ನಾಡಿನ ಫುಟ್‌ಬಾಲ್ ಇತಿಹಾಸವೂ ಪರಸ್ಥಳದ ಗೆಲುವುಗಳಿಂದಲೇ ಕೂಡಿದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ತಂಡ ನಾಲ್ಕು ಬಾರಿ ಜಯಿಸಿತ್ತು. ಅವುಗಳಲ್ಲಿ ಕೊನೆಯದು 1968-69ರಲ್ಲಿ. ಆನಂತರದ ಗೆಲುವು ಬರಲು ಐವತ್ತನಾಲ್ಕು ವರ್ಷ ಹಿಡಿಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ 3-2 ಗೋಲುಗಳಿಂದ ಮೇಘಾಲಯವನ್ನು ಸೋಲಿಸಿತು. ದೇಶದ ಅಂತರರಾಜ್ಯ ಟೂರ್ನಿಯ ಫೈನಲ್ ಸಮುದ್ರದಾಚೆ ನಡೆದ ಕಾರಣ ಊರಿನಿಂದ ಹೋಗಿ ಹುರಿದುಂಬಿಸುವುದು ಬಹುತೇಕ ಕನ್ನಡಿಗರಿಗೆ ಸಾಧ್ಯವಿರಲಿಲ್ಲ.

ವೆಸ್ಟ್ ಬ್ಲಾಕ್ ಬ್ಲೂಸ್ ಹುಟ್ಟು

ಜೆಎಸ್‌ಡಬ್ಲ್ಯು ಸಮೂಹದ ಒಡೆತನದ ಬೆಂಗಳೂರು ಎಫ್‌ಸಿ 2013ರ ಜುಲೈನಲ್ಲಿ ಸ್ಥಾಪನೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ತನ್ನ ಮೊದಲ ಐ-ಲೀಗ್ ಪಂದ್ಯವನ್ನಾಡಿ 1-1ರಿಂದ ಡ್ರಾ ಮಾಡಿಕೊಂಡಿತು. ಕ್ರೀಡಾಂಗಣದ ಪಶ್ಚಿಮ ದಿಕ್ಕಿನ ಗ್ಯಾಲರಿಯಲ್ಲಿ ಸೇರುತ್ತಿದ್ದ ಬೆಂಬಲಿಗರು ಆ ಗ್ಯಾಲರಿಯ ಹೆಸರನ್ನೇ ತಮ್ಮದಾಗಿಸಿಕೊಂಡು 'ವೆಸ್ಟ್ ಬ್ಲಾಕ್ ಬ್ಲೂಸ್' ಎನಿಸಿದರು. ನಂತರ ಕ್ಲಬ್ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡರೂ ಹೆಸರು ಉಳಿಯಿತು.

ಈ ಬಳಗಕ್ಕೆ ಪರಸ್ಥಳದ ಮೊದಲ ದೊಡ್ಡ ಸಂಭ್ರಮ ದೊರೆತದ್ದು 2014ರ ಏಪ್ರಿಲ್ 21ರಂದು. ಗೋವಾದ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದ ಬೆಂಗಳೂರು, ಚೊಚ್ಚಲ ಋತುವಿನಲ್ಲೇ ಐ-ಲೀಗ್ ಕಿರೀಟ ಧರಿಸಿತು. ತರಬೇತುದಾರ ಆಶ್ಲೆ ವೆಸ್ಟ್‌ವುಡ್ ಮತ್ತು ನಾಯಕ ಸುನಿಲ್ ಛೆಟ್ರಿ ಅವರ ಬಳಗಕ್ಕೆ ನೀಲಿ ಅಂಗಿ ತೊಟ್ಟು ಘಟ್ಟ ಇಳಿದು ಬಂದಿದ್ದ ಬೆಂಬಲಿಗರ ಜಯಘೋಷ ದೊರೆಯಿತು.

ಆ ಬಳಿಕ ತಂಡದ ಹಲವು ಮಹತ್ವದ ಕ್ಷಣಗಳು ಊರಾಚೆಯೇ ಸಂಭವಿಸಿದವು ಎಂಬುದು ಗಮನಾರ್ಹ.

* 2015ರ ಜನವರಿ: ಫತೋರ್ಡಾದಲ್ಲಿ ಡೆಂಪೊ ವಿರುದ್ಧ 2-1ರ ಜಯ, ಫೆಡರೇಷನ್ ಕಪ್.

* 2016ರ ನವೆಂಬರ್ 5: ಕತಾರ್‌ನ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್. ಈ ಹಂತ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿದರೂ ಇರಾಕ್‌ನ ವಾಯುಪಡೆ ತಂಡದೆದುರು 0-1ರ ಸೋಲು.

* 2017ರ ಮೇ: ಕಟಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-0ರ ಜಯ, ಮತ್ತೊಮ್ಮೆ ಫೆಡರೇಷನ್ ಕಪ್.

* 2018ರ ಏಪ್ರಿಲ್: ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4-1ರ ಜಯ, ಸೂಪರ್ ಕಪ್.

* 2019ರ ಮಾರ್ಚ್ 17: ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್. 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿನಿಂದ ಎಫ್‌ಸಿ ಗೋವಾ ವಿರುದ್ಧ 1-0ರ ಜಯ.

* 2022ರ ಸೆಪ್ಟೆಂಬರ್ 18: ಕೋಲ್ಕತ್ತದಲ್ಲಿ ಮುಂಬಯಿ ಸಿಟಿ ವಿರುದ್ಧ 2-1ರ ಜಯ, ಡುರಾಂಡ್ ಕಪ್.

ಸೋಲುಗಳೂ ದೂರದಲ್ಲೇ ಕಾದಿದ್ದವು. 2023ರ ಮಾರ್ಚ್ 18ರಂದು ಫತೋರ್ಡಾದಲ್ಲಿ ಸೂಪರ್ ಲೀಗ್ ಫೈನಲ್ 2-2ರಲ್ಲಿ ನಿಂತು ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಾಗಾನ್ ಪಾಲಾಯಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧವೇ ಹೆಚ್ಚುವರಿ ಸಮಯದಲ್ಲಿ 1-2ರ ನಿರಾಸೆ ಎದುರಾಯಿತು. ಗೆದ್ದ ರಾತ್ರಿಯ ಮರುಪ್ರಯಾಣ ಹಗುರ. ಸೋತ ರಾತ್ರಿ ಮಾತ್ರ ಮೈಲಿಗಳು ಬೆಳೆಯುತ್ತವೆ.

ವಿಜಯಪುರದ ಲೆಕ್ಕಾಚಾರ

ವಿಜಯಪುರದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 525 ಕಿಲೋಮೀಟರ್. ಗೋವಾದ ಮಡಗಾಂವ್‌ಗೆ ಬೆಳಗಾವಿಯ ಮೂಲಕ ಸುಮಾರು 350 ಕಿಲೋಮೀಟರ್. ಸೊಲ್ಲಾಪುರ ಹಾದು ಪುಣೆಗೂ ಹೆಚ್ಚುಕಡಿಮೆ ಅಷ್ಟೇ ದೂರ. ಹೈದರಾಬಾದ್ ನಾನೂರು ಕಿಲೋಮೀಟರಿನೊಳಗೆ. ಮುಂಬಯಿ ಕೂಡ ಬೆಂಗಳೂರಿಗಿಂತ ದೂರವೇನಲ್ಲ. ಹೀಗಾಗಿ ರಾಜ್ಯದ ತಂಡದ ತವರಿನ ಪಂದ್ಯ ನೋಡುವುದಕ್ಕಿಂತ ಅದೇ ತಂಡದ ಪರಸ್ಥಳದ ಪಂದ್ಯ ನೋಡುವುದು ವಿಜಯಪುರದವರಿಗೆ ಸಮೀಪ!

ನಗರದಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ತಿಕೋಟಾ, ಅಥಣಿಯ ಕಡೆ ಸಾಗುವ ದಾರಿಯಲ್ಲಿದೆ. ನೈಋತ್ಯಕ್ಕಿರುವ ಬಬಲೇಶ್ವರ, ಜಮಖಂಡಿಯ ಕಡೆಗಿನ ದಾರಿಯಲ್ಲಿದೆ. ಈ ಎರಡೂ ದಾರಿಗಳು ಮುಂದೆ ಬೆಳಗಾವಿಯನ್ನು ಮುಟ್ಟಿಸುತ್ತವೆ. ಅಲ್ಲಿಂದ ಚೋರ್ಲಾ ಘಟ್ಟ ಅಥವಾ ಅನಮೋಡ ಘಟ್ಟ ಇಳಿದರೆ ಗೋವಾ. ಅಂದರೆ ಈ ಎರಡು ತಾಲ್ಲೂಕು ಕೇಂದ್ರಗಳು ಫತೋರ್ಡಾಕ್ಕೆ ನಗರಕ್ಕಿಂತಲೂ ಒಂದು ಹೆಜ್ಜೆ ಮುಂದಿವೆ. ರೈಲು ಬಯಸುವವರು ಬಾಗಲಕೋಟೆ, ಗದಗ ಹಾದು ಹುಬ್ಬಳ್ಳಿ ತಲುಪಿ, ಅಲ್ಲಿಂದ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮಡಗಾಂವ್‌ಗೆ ಹೋಗಬಹುದು. ಬೆಂಗಳೂರಿಗಾದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಸೇರಿದಂತೆ ರಾತ್ರಿಯಿಡೀ ಸಾಗುವ ರೈಲು, ಬಸ್ಸುಗಳೇ ಗತಿ.

ಪುಣೆಯ ಬಾಗಿಲು ಸದ್ಯ ಮುಚ್ಚಿದೆ. 2014ರಲ್ಲಿ ಆರಂಭವಾದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಅಂತ್ಯ ಕಂಡಿತು. 2018ರ ಮಾರ್ಚ್ 7ರಂದು ಬಾಲೇವಾಡಿಯಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಚರಣದಲ್ಲಿ ಬೆಂಗಳೂರು ಗೋಲಿಲ್ಲದೆ ಡ್ರಾ ಸಾಧಿಸಿತ್ತು. ನಾಲ್ಕು ದಿನಗಳ ಬಳಿಕ ಕಂಠೀರವದಲ್ಲಿ ಛೆಟ್ರಿ ಹ್ಯಾಟ್ರಿಕ್ ಬಾರಿಸಿ 3-1ರ ಜಯ ತಂದಿದ್ದರು. ಪುಣೆಯ ಸ್ಥಾನದಲ್ಲಿ ಬಂದ ಹೈದರಾಬಾದ್ ಎಫ್‌ಸಿ 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಹೀಗೆ ವಿಜಯಪುರಕ್ಕೆ ಹತ್ತಿರವಿದ್ದ ಮೂರು ಅಂಗಳಗಳಲ್ಲಿ ಎರಡು ಕೈತಪ್ಪಿ, ಗೋವಾ ಒಂದೇ ಉಳಿದಿದೆ.

ತವರೇ ಇಲ್ಲದಿದ್ದ ತಂಡ

ಊರಾಚೆಯ ಬೆಂಬಲ ವಿಜಯಪುರಕ್ಕೆ ಹೊಸದಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಆಡುತ್ತಿದ್ದ ಬಿಜಾಪುರ ಬುಲ್ಸ್ ತಂಡ 2015 ಮತ್ತು 2018ರಲ್ಲಿ ಪ್ರಶಸ್ತಿ ಗೆದ್ದಿತ್ತು. ಆದರೆ ಟೂರ್ನಿಯ ಪಂದ್ಯಗಳು ನಡೆಯುತ್ತಿದ್ದುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. 2018ರ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧ ಗೆದ್ದದ್ದೂ ಮೈಸೂರಿನಲ್ಲೇ. ಊರಿನ ಹೆಸರು ಹೊತ್ತ ತಂಡವನ್ನು ನೋಡಲು ಊರಿನ ಜನ ಕನಿಷ್ಠ ಹುಬ್ಬಳ್ಳಿಯವರೆಗೆ ಸುಮಾರು ಇನ್ನೂರು ಕಿಲೋಮೀಟರ್ ಸಾಗಬೇಕಿತ್ತು. 2019ರ ಬಳಿಕ ಆ ಲೀಗ್ ನಡೆಯಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗ ಅದರ ಆರು ತಂಡಗಳಲ್ಲಿ ವಿಜಯಪುರದ ಹೆಸರಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕುಸ್ತಿಯ ಕಣವಿದೆ. ಜಾತ್ರೆಯ ಕಣಕ್ಕೆ ಪೈಲ್ವಾನನ ಜೊತೆ ಅವನ ಗರಡಿಯ ಹುಡುಗರು, ಓಣಿಯ ಹಿರಿಯರು ಹೊರಡುವುದು ಈ ಭಾಗದ ರೂಢಿ. ಟ್ರ್ಯಾಕ್ಟರ್ ಏರಿ ಪರ ಊರಿಗೆ ಹೋಗಿ, ಹಲಗೆಯ ಸದ್ದಿನ ನಡುವೆ ತಮ್ಮವನ ಹೆಸರು ಕೂಗಿ, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮರಳುವ ಈ ಜನಕ್ಕೆ ಫತೋರ್ಡಾದ ಗ್ಯಾಲರಿಯ ರೀತಿ ಅಪರಿಚಿತವೇನಲ್ಲ. ಎರಡೂ ಕಡೆ ಇರುವ ಭಾವ ಒಂದೇ: ನಮ್ಮವನು ಪರ ಊರಲ್ಲಿ ಒಂಟಿಯಾಗಬಾರದು.

ನೆಲೆಸಿದವರೂ ಬೆಂಬಲಿಗರೇ

ಪರಸ್ಥಳದ ಗ್ಯಾಲರಿಯಲ್ಲಿ ಕೂರುವವರೆಲ್ಲ ಅಂದೇ ಬಸ್ಸಿಳಿದು ಬಂದವರಲ್ಲ. ಬೆಂಗಳೂರಿನಲ್ಲಿ ಕೇರಳ ಬ್ಲಾಸ್ಟರ್ಸ್ ಆಡುವಾಗ ಹಳದಿ ಅಂಗಿಯ ದೊಡ್ಡ ಗುಂಪು ಕಾಣುವುದಕ್ಕೆ ನಗರದಲ್ಲೇ ನೆಲೆಸಿರುವ ಮಲಯಾಳಿಗಳು ಮುಖ್ಯ ಕಾರಣ. 'ಮಂಜಪ್ಪಡ' ಎಂಬ ಆ ಬಳಗದ ಹೆಸರಿಗೆ ಹಳದಿ ಸೇನೆ ಎಂದೇ ಅರ್ಥ.

ಕನ್ನಡಿಗರ ಪಾಲಿಗೆ ಇಂತಹ ನೆಲೆಗಳು ಗೋವಾ ಮತ್ತು ಮುಂಬಯಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಕಟ್ಟಡ ಕೆಲಸ, ವ್ಯಾಪಾರ, ಚಾಕರಿಗಾಗಿ ಗುಳೆ ಹೋದ ಕುಟುಂಬಗಳು ಗೋವಾದಲ್ಲಿ ದಶಕಗಳಿಂದ ಬದುಕು ಕಟ್ಟಿಕೊಂಡಿವೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಎಫ್‌ಸಿ ಗೋವಾ ಪರ ಕೂಗಿದರೂ ಆಶ್ಚರ್ಯವಿಲ್ಲ. ಊರಿನ ನಂಟಿನಿಂದ ನೀಲಿ ಅಂಗಿ ತೊಟ್ಟರೂ ತಪ್ಪಿಲ್ಲ. ದುಡಿಯಲು ಬಂದವನು ಎಂಬ ಹಣೆಪಟ್ಟಿ ಹೊತ್ತವನಿಗೆ ತೊಂಬತ್ತು ನಿಮಿಷ ತನ್ನ ನುಡಿಯಲ್ಲಿ ಗಟ್ಟಿಯಾಗಿ ಕೂಗುವ ಅವಕಾಶ ಸಣ್ಣದಲ್ಲ.

ಪಯಣದ ಕ್ರಮ ಮತ್ತು ಕಟ್ಟಳೆ

ಎದುರಾಳಿ ಬೆಂಬಲಿಗರಿಗೆ ಎಷ್ಟು ಆಸನ ಮೀಸಲಿಡಬೇಕೆಂಬ ಬಗ್ಗೆ ಯುರೋಪಿನಲ್ಲಿ ಸ್ಪಷ್ಟ ಕಟ್ಟಳೆಗಳಿವೆ. ಯುರೋಪಿಯನ್ ಕ್ಲಬ್ ಟೂರ್ನಿಗಳಲ್ಲಿ ಕ್ರೀಡಾಂಗಣದ ಸಾಮರ್ಥ್ಯದ ಕನಿಷ್ಠ ಶೇ. 5ರಷ್ಟು ಆಸನ ನೀಡಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 3,000 ಆಸನ ಅಥವಾ ಸಾಮರ್ಥ್ಯದ ಶೇ. 10, ಇವೆರಡರಲ್ಲಿ ಕಡಿಮೆಯಾದದ್ದು. ಅಲ್ಲಿ 2016-17ರಿಂದ ಈ ಟಿಕೆಟ್ ದರಕ್ಕೆ 30 ಪೌಂಡ್‌ಗಳ ಮಿತಿಯನ್ನೂ ಹೇರಲಾಗಿದೆ. ಇದಕ್ಕೆ ತದ್ವಿರುದ್ಧವಾಗಿ, ಅರ್ಜೆಂಟೀನಾದಲ್ಲಿ ಹಿಂಸಾಚಾರದ ಹಿನ್ನೆಲೆಯಲ್ಲಿ 2013ರಲ್ಲಿ ಎದುರಾಳಿ ಬೆಂಬಲಿಗರ ಪ್ರವೇಶವನ್ನೇ ನಿಷೇಧಿಸಲಾಯಿತು.

ಭಾರತದಲ್ಲಿ ಪಂದ್ಯಕ್ಕೆ ಹೊರಡುವವರು ಗಮನಿಸಬೇಕಾದ ಅಂಶಗಳು ಹೀಗಿವೆ.

* ಎದುರಾಳಿ ಬೆಂಬಲಿಗರಿಗೆಂದು ಗುರುತಿಸಿದ ಗ್ಯಾಲರಿಯ ಟಿಕೆಟನ್ನೇ ಕೊಳ್ಳಬೇಕು. ತವರಿನ ಬೆಂಬಲಿಗರ ನಡುವೆ ಬೇರೆ ತಂಡದ ಅಂಗಿ ತೊಟ್ಟು ಕೂರುವುದು ಜಗಳಕ್ಕೆ ಆಹ್ವಾನ.

* ಬ್ಯಾನರ್, ಡೋಲುಗಳಿಗೆ ಮುಂಚಿತ ಅನುಮತಿ ಬೇಕಾಗಬಹುದು. ಬೆಂಬಲಿಗರ ಬಳಗದ ಮೂಲಕ ಹೋದರೆ ಈ ಕೆಲಸ ಸುಲಭ.

* ನೀರಿನ ಬಾಟಲಿ, ಬೆಂಕಿಪೊಟ್ಟಣ, ಪಟಾಕಿ ಮುಂತಾದವನ್ನು ಬಾಗಿಲಲ್ಲೇ ತಡೆಯುತ್ತಾರೆ. ದೊಡ್ಡ ಚೀಲವನ್ನು ವಸತಿಗೃಹದಲ್ಲೋ ನಿಲ್ದಾಣದಲ್ಲೋ ಇಟ್ಟು ಹೋಗುವುದು ಲೇಸು.

* ಪಂದ್ಯ ಮುಗಿದ ಬಳಿಕ ತವರಿನ ಜನ ಚದುರುವವರೆಗೆ ಎದುರಾಳಿ ಬೆಂಬಲಿಗರನ್ನು ಒಳಗೇ ಕಾಯಿಸುವುದುಂಟು. ಮರುಪ್ರಯಾಣದ ವೇಳೆಯನ್ನು ಇದನ್ನು ಲೆಕ್ಕ ಹಿಡಿದೇ ನಿಗದಿಪಡಿಸಬೇಕು.

* ಸಂಜೆ ಏಳೂವರೆಗೆ ಆರಂಭವಾಗುವ ಪಂದ್ಯ ಮುಗಿಯುವಾಗ ಒಂಬತ್ತೂವರೆ ಆಗುತ್ತದೆ. ಆ ಹೊತ್ತಿಗೆ ಸ್ವಂತ ವಾಹನದಲ್ಲಿ ಘಟ್ಟ ಹತ್ತುವ ಸಾಹಸಕ್ಕಿಂತ ಬೆಳಗಿನವರೆಗೆ ತಂಗುವುದೇ ಸುರಕ್ಷಿತ.

ಇದರ ಅರ್ಥ, ವಾರದ ನಡುವಿನ ಒಂದು ಪಂದ್ಯಕ್ಕೆ ವಿಜಯಪುರದ ನೌಕರನಿಗೆ ಎರಡು ದಿನಗಳ ರಜೆ ಬೇಕು. ದಿನಗೂಲಿಯವನಿಗೆ ಎರಡು ದಿನಗಳ ಕೂಲಿ ಹೋಗುತ್ತದೆ. ಟಿಕೆಟ್ಟಿಗಿಂತ ದುಬಾರಿಯಾದದ್ದು ಈ ಲೆಕ್ಕವೇ.

ಜೀವದ ಪ್ರಶ್ನೆ

ಬೆಂಬಲಿಗರ ಪಯಣದ ಚರಿತ್ರೆಯಲ್ಲಿ ಕರಾಳ ಪುಟಗಳೂ ಇವೆ. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವಿನ ಫೈನಲ್‌ಗೆ ಮುನ್ನ ನಡೆದ ದಾಳಿ, ಗೋಡೆ ಕುಸಿತಗಳಲ್ಲಿ 39 ಮಂದಿ ಸತ್ತರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ಲಿವರ್‌ಪೂಲ್‌ನಿಂದ ಬಂದಿದ್ದ ಬೆಂಬಲಿಗರು ಕಿಕ್ಕಿರಿದ ಗ್ಯಾಲರಿಯಲ್ಲಿ ನಲುಗಿದರು. ಮೃತರ ಸಂಖ್ಯೆ 97. ಆರಂಭದಲ್ಲಿ ಅಭಿಮಾನಿಗಳ ಮೇಲೆಯೇ ಗೂಬೆ ಕೂರಿಸಲಾಗಿತ್ತು. ಅವರ ತಪ್ಪೇನೂ ಇರಲಿಲ್ಲ, ಪೊಲೀಸ್ ವ್ಯವಸ್ಥೆಯ ಲೋಪವೇ ಕಾರಣ ಎಂದು ವಿಚಾರಣಾ ಮಂಡಳಿ ಹೇಳಲು 2016 ಬರಬೇಕಾಯಿತು.

ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 1980ರ ಆಗಸ್ಟ್ 16ರಂದು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಐಪಿಎಲ್ ವಿಜಯೋತ್ಸವಕ್ಕೆ ಸೇರಿದ್ದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಮೃತಪಟ್ಟದ್ದು ಈ ಆತಂಕವನ್ನು ಕನ್ನಡಿಗರ ಮನೆ ಬಾಗಿಲಿಗೇ ತಂದಿತು. ಅಭಿಮಾನಕ್ಕೆ ಬಂದವನನ್ನು ಅತಿಥಿಯೆಂದು ಕಾಣದೆ ನಿಯಂತ್ರಿಸಬೇಕಾದ ಗುಂಪೆಂದು ಮಾತ್ರ ಕಂಡಾಗ ಇಂತಹ ದುರಂತಗಳಿಗೆ ದಾರಿಯಾಗುತ್ತದೆ. ಪರ ಊರಿನ ಬಾಗಿಲು, ಮೆಟ್ಟಿಲು, ಹೊರದಾರಿಗಳನ್ನು ಅರಿಯದ ಪಯಣಿಗನಿಗೆ ಅಪಾಯ ಇನ್ನೂ ಹೆಚ್ಚು.

ಅನಿಶ್ಚಿತ ನಾಳೆ

ಕೋವಿಡ್ ಕಾಲದ 2020-21 ಮತ್ತು 2021-22ರ ಸೂಪರ್ ಲೀಗ್ ಋತುಗಳನ್ನು ಗೋವಾದಲ್ಲಿಯೇ ನಡೆಸಲಾಯಿತು. 2022ರ ಫೈನಲ್ ಹೊರತುಪಡಿಸಿದರೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ವಿಜಯಪುರಕ್ಕೆ ಸಮೀಪದ ಅಂಗಳದಲ್ಲೇ ಬೆಂಗಳೂರು ತಂಡ ಎರಡು ಋತು ಆಡಿತು. ನೋಡುವ ಭಾಗ್ಯ ಮಾತ್ರ ಯಾರಿಗೂ ಇರಲಿಲ್ಲ.

2025ರ ಜುಲೈನಲ್ಲಿ ಮತ್ತೊಂದು ಹೊಡೆತ ಬಿತ್ತು. ಭಾರತೀಯ ಫುಟ್‌ಬಾಲ್ ಫೆಡರೇಷನ್ ಹಾಗೂ ಲೀಗ್ ನಡೆಸುತ್ತಿದ್ದ ಸಂಸ್ಥೆಯ ನಡುವಿನ ಒಪ್ಪಂದದ ನವೀಕರಣ ಇತ್ಯರ್ಥವಾಗದೆ ಹೊಸ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನ ಪಾವತಿಯನ್ನು ಸ್ಥಗಿತಗೊಳಿಸಿತು. ವಾಡಿಕೆಯಂತೆ ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಬೇಕಿದ್ದ ಆಟ 2026ರ ಫೆಬ್ರವರಿಗೆ ಜಾರಿತು. ವೇಳಾಪಟ್ಟಿಯೇ ಇಲ್ಲದಿದ್ದರೆ ರಜೆ ಕೇಳುವುದು, ಟಿಕೆಟ್ ಕಾಯ್ದಿರಿಸುವುದು, ಜೊತೆಗಾರರನ್ನು ಒಗ್ಗೂಡಿಸುವುದು ಯಾವುದೂ ಆಗದು. ಕ್ಲಬ್ಬು, ಫೆಡರೇಷನ್‌ಗಳ ಮಾತುಕತೆಯ ಮೇಜಿನಲ್ಲಿ ಬೆಂಬಲಿಗನಿಗೆ ಕುರ್ಚಿಯಿಲ್ಲ. ಆದರೆ ಮಾತುಕತೆ ಮುರಿದಾಗ ಮೊದಲು ಖಾಲಿಯಾಗುವುದು ಅವನು ಕೂರುವ ಗ್ಯಾಲರಿಯೇ.

2018ರ ಜೂನ್‌ನಲ್ಲಿ ಮುಂಬಯಿಯಲ್ಲಿ ಭಾರತ ತಂಡದ ಪಂದ್ಯಕ್ಕೆ ಜನರೇ ಬಾರದಿದ್ದಾಗ, ಕ್ರೀಡಾಂಗಣಕ್ಕೆ ಬಂದು ನಮ್ಮನ್ನು ಬೈದಾದರೂ ಸರಿ, ಬನ್ನಿ ಎಂಬ ಅರ್ಥದಲ್ಲಿ ಸುನಿಲ್ ಛೆಟ್ರಿ ವಿಡಿಯೊ ಮೂಲಕ ಮನವಿ ಮಾಡಿದ್ದರು. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ದೂರದರ್ಶನದ ಪರದೆಯಲ್ಲಿ ಎಲ್ಲವೂ ಸಿಗುವ ಕಾಲದಲ್ಲೂ ಆಟಗಾರನಿಗೆ ಬೇಕಾದದ್ದು ಕಣ್ಣೆದುರಿನ ಜನ ಎಂಬುದಕ್ಕೆ ಇದೇ ಸಾಕ್ಷಿ.

ವಿಜಯಪುರದ ಡಾ. ಬಿ.ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದಲ್ಲಿ ಚೆಂಡೊದೆಯುವ ಬಾಲಕನಿಗೆ ರಾಷ್ಟ್ರಮಟ್ಟದ ಪಂದ್ಯವೊಂದನ್ನು ಕಣ್ಣಾರೆ ನೋಡಬೇಕೆಂದರೆ ಯಾವ ದಿಕ್ಕಿಗೆ ಹೊರಟರೂ ಒಂದು ರಾತ್ರಿಯ ದಾರಿ ಸವೆಸಬೇಕು. ರಾಜ್ಯದ ತಂಡ ವರ್ಷಕ್ಕೊಮ್ಮೆಯಾದರೂ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಒಂದು ಸ್ನೇಹಪರ ಪಂದ್ಯ ಆಡಿದರೆ ಆ ದಾರಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ತಿಕೋಟಾ, ಬಬಲೇಶ್ವರಗಳ ಅಭಿಮಾನಿಗೆ ತವರಿನ ಪಂದ್ಯವೂ ಪರಸ್ಥಳದ ಪಂದ್ಯವೇ.